ಸುರಿದ ಬಣ್ಣದ ಹದ

ನನ್ನ ಮೇಜಿನ ಮೇಲೆ ಎರಡು ಟೈಲ್ಸ್ ಇವೆ. ಬಚ್ಚಲುಮನೆಗೆ ಹಾಕಿಸಿ ಉಳಿದ ಸಾದಾ ಬಿಳಿ ಟೈಲ್ಸ್. ಎರಡಕ್ಕೂ ಒಂದೇ ಸಂಜೆ, ಅವೇ ಡಬ್ಬಿಗಳ ಬಣ್ಣ ಸುರಿದೆ. ಒಂದಕ್ಕೆ ಮೊದಲು ಕಪ್ಪು, ಅದರ ಮೇಲೆ ಬಿಳಿ. ಇನ್ನೊಂದಕ್ಕೆ ಮೊದಲು ಬಿಳಿ, ಅದರ ಮೇಲೆ ಕಪ್ಪು. ಬೇರೆ ಯಾವ ವ್ಯತ್ಯಾಸವೂ ಇಲ್ಲ. ಸ್ವಲ್ಪ ಹೊತ್ತಿಗೆ ಮೊದಲನೆಯ ಟೈಲ್ಸಿನಲ್ಲಿ ಬಿಳಿಯನ್ನು ತೂತು ಮಾಡಿಕೊಂಡು ಕಪ್ಪು ಮೇಲೆ ಬಂತು. ಮೊದಲು ಸೂಜಿ ಮೊನೆಯಷ್ಟು ಚುಕ್ಕೆ. ಆಮೇಲೆ ಸಾಸಿವೆ ಕಾಳಷ್ಟು. ಆಮೇಲೆ ಮೆಣಸಿನ ಕಾಳಷ್ಟು. ಚುಕ್ಕೆಗಳ ನಡುವೆ ಉಳಿದ ಬಿಳಿ, ಬಲೆ ನೇಯ್ದ ಹಾಗೆ ಕಂಡಿತು. ಎರಡನೆಯ ಟೈಲ್ಸ್ ಮಾತ್ರ ಕದಲಲೇ ಇಲ್ಲ. ಇವತ್ತಿಗೂ ಅದು ಬರೀ ಕಪ್ಪು.

ನಾನು ಮೈಸೂರಿನಲ್ಲಿ ಅಕ್ರಿಲಿಕ್ ಬಣ್ಣದಲ್ಲಿ ಚಿತ್ರ ಬರೆಯುತ್ತೇನೆ. ಕುಂಚದ ಕೆಲಸ ಮೊದಲಿನಿಂದ ಇತ್ತು. ಬಣ್ಣ ಸುರಿಯುವ ಹುಚ್ಚು ಹಿಡಿದಿದ್ದು ಆಮೇಲೆ. ಇದನ್ನು ಪೋರಿಂಗ್ ಅಂತಲೂ ಫ್ಲೂಯಿಡ್ ಆರ್ಟ್ ಅಂತಲೂ ಕರೆಯುತ್ತಾರೆ. ಲೋಟದಲ್ಲಿ ಬಣ್ಣ ಕಲಸಿ, ಕ್ಯಾನ್ವಾಸಿನ ಮೇಲೆ ಸುರಿದು, ಆ ಕಡೆ ಈ ಕಡೆ ಓರೆ ಮಾಡಿ ಹರಿಯಲು ಬಿಡುವುದು. ಮನೆಗೆ ಬಂದವರು ಈ ಚಿತ್ರಗಳನ್ನು ನೋಡಿ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. "ಸುಮ್ನೆ ಸುರಿದ್ರೆ ಆಯ್ತು ಅಲ್ವಾ? ಇದರಲ್ಲಿ ನಿಮ್ಮ ಕೆಲಸ ಏನು?" ಕೇಳಬೇಕಾದ ಪ್ರಶ್ನೆಯೇ ಅದು. ಅದಕ್ಕೆ ಉತ್ತರ ಈ ಎರಡು ಟೈಲ್ಸ್‌ನಲ್ಲಿದೆ. ಸುರಿದ ಮೇಲೆ ಬಣ್ಣ ತನ್ನ ದಾರಿ ತಾನು ಹಿಡಿಯುತ್ತದೆ, ನಿಜ. ಆದರೆ ಯಾವ ದಾರಿ ಅನ್ನುವುದು ಸುರಿಯುವ ಮೊದಲೇ, ಲೋಟದಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ.

ಮೊದಲು ಬಣ್ಣ ಅಂದರೆ ಏನು ಅಂತ ನೋಡೋಣ. ಯಾವ ಬಣ್ಣದಲ್ಲೂ ಎರಡು ಮುಖ್ಯ ವಸ್ತು ಇರುತ್ತವೆ. ಒಂದು ಬಣ್ಣದ ಪುಡಿ. ಇನ್ನೊಂದು ಆ ಪುಡಿಯನ್ನು ಹಿಡಿದಿಡುವ ಅಂಟು. ನಮ್ಮ ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಈ ಅಂಟು ಮರದ ಗೋಂದು. ಬೆಂಗಳೂರು ರಸ್ತೆಯಲ್ಲಿ ಸಿಗುವ ಚನ್ನಪಟ್ಟಣದ ಬೊಂಬೆಗಳಲ್ಲಿ ಅರಗು. ಲೇತ್ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ತೈಲಚಿತ್ರಗಳಲ್ಲಿ ಪುಡಿಯನ್ನು ಹಿಡಿದಿಟ್ಟಿರುವುದು ಎಣ್ಣೆ. ಅಂಟು ಬದಲಾದರೆ ಬಣ್ಣದ ಸ್ವಭಾವವೇ ಬದಲಾಗುತ್ತದೆ. ಗೋಂದಿನ ಬಣ್ಣಕ್ಕೆ ಒಣಗಿದ ಮೇಲೂ ನೀರು ತಗುಲಿದರೆ ಕದಡುತ್ತದೆ. ಎಣ್ಣೆ ಬಣ್ಣ ಒಣಗಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು.

ಮೈಸೂರಿಗೂ ಈ ಅಂಟು, ಬಣ್ಣಕ್ಕೂ ಹಳೆಯ ನಂಟು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಇಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಅದೇ ಇವತ್ತಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ಈಚೆಗೆ ವೋಟು ಹಾಕಿದ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ಅಲ್ಲೇ. ಬನ್ನಿಮಂಟಪದ ಕಡೆ ಹೋದಾಗಲೆಲ್ಲ ನನಗೆ ಆ ಅರಗಿನ ನೆನಪಾಗುತ್ತದೆ.

ಅಕ್ರಿಲಿಕ್‌ನಲ್ಲಿ ಅಂಟು ಅಂದರೆ ಪ್ಲಾಸ್ಟಿಕ್. ಜರ್ಮನಿಯ ಓಟ್ಟೊ ರೋಮ್ 1901ರಲ್ಲಿ ತಮ್ಮ ಡಾಕ್ಟರೇಟ್‌ಗೆ ಅಧ್ಯಯನ ಮಾಡಿದ್ದು ಇದೇ ಬಗೆಯ ವಸ್ತುಗಳನ್ನು. ಅದು ಕಲಾವಿದರ ಕೈಗೆ ನೀರಿನಲ್ಲಿ ಕಲಸುವ ಬಣ್ಣವಾಗಿ ಬರಲು 1950ರ ದಶಕದ ನಡುಭಾಗದವರೆಗೆ ಕಾಯಬೇಕಾಯಿತು. ಡಬ್ಬಿಯೊಳಗೆ ಈ ಪ್ಲಾಸ್ಟಿಕ್ ತೀರಾ ಸಣ್ಣ ಗುಂಡುಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಒಂದು ಗುಂಡಿನ ಗಾತ್ರ ಹೆಚ್ಚುಕಮ್ಮಿ ಮಿಲಿಮೀಟರಿನ 10,000ದಲ್ಲಿ ಒಂದು ಪಾಲು. ಬಣ್ಣ ಹಚ್ಚಿದ ಮೇಲೆ ನೀರು ಆರುತ್ತಾ ಹೋಗುತ್ತದೆ. ಗುಂಡುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಕೊನೆಗೆ ಗಡಿಯೇ ಅಳಿಸಿಹೋಗಿ ಒಂದೇ ಹಾಳೆ ಆಗುತ್ತದೆ. ತಾರಸಿಯಲ್ಲಿ ಸಬ್ಬಕ್ಕಿ ಸಂಡಿಗೆ ಒಣಗುವುದನ್ನು ನೋಡಿದ್ದೀರಲ್ಲ? ಹೆಚ್ಚುಕಮ್ಮಿ ಹಾಗೇ. ವ್ಯತ್ಯಾಸ ಅಂದರೆ ಸಂಡಿಗೆಯನ್ನು ಮತ್ತೆ ನೆನೆಹಾಕಬಹುದು, ಅಕ್ರಿಲಿಕ್ ಒಮ್ಮೆ ಹಾಳೆಯಾದರೆ ನೀರಿಗೆ ಕರಗುವುದಿಲ್ಲ.

ಇನ್ನೊಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆ ಪ್ಲಾಸ್ಟಿಕ್ ಹಸಿ ಇರುವಾಗ ಹಾಲಿನ ಹಾಗೆ ಬೆಳ್ಳಗಿರುತ್ತದೆ, ಒಣಗಿದರೆ ಗಾಜಿನ ಹಾಗೆ ತಿಳಿಯಾಗುತ್ತದೆ. ಹಾಗಾಗಿ ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಒಂದು ಛಾಯೆ ಗಾಢವಾಗುತ್ತದೆ. ಹಸಿ ಇದ್ದಾಗ ಇಷ್ಟವಾದ ತಿಳಿ ನೀಲಿ ಬೆಳಗ್ಗೆ ನೋಡಿದರೆ ಬೇರೆಯೇ ನೀಲಿ. ಸುರಿಯುವ ಚಿತ್ರದಲ್ಲಿ ಇದನ್ನು ತಿದ್ದಲು ಅವಕಾಶ ಇಲ್ಲ. ಮೊದಲೇ ಒಂದು ಹನಿಯನ್ನು ಕಾಗದದ ಮೇಲೆ ಒಣಗಿಸಿ ನೋಡಬೇಕು.

ಈಗ ಹದಕ್ಕೆ ಬರೋಣ. ಮಂಡ್ಯದ ಕಡೆ ಆಲೆಮನೆಗೆ ಹೋದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಾ ಕುದಿಯುತ್ತಾ ಪಾಕ ಆಗುತ್ತದೆ. ಪಾಕ ಹಿಡಿಯುವವರು ಸ್ವಲ್ಪ ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹಿಡಿದು ನೋಡುತ್ತಾರೆ. ಒಂದು ಗಳಿಗೆ ಮೊದಲಾದರೆ ಅಚ್ಚಿನಲ್ಲಿ ಬೆಲ್ಲ ನಿಲ್ಲುವುದಿಲ್ಲ. ಒಂದು ಗಳಿಗೆ ತಡವಾದರೆ ಹದ ಕೆಟ್ಟಿತು. ಥರ್ಮಾಮೀಟರ್ ಇಲ್ಲ, ಗಡಿಯಾರ ಇಲ್ಲ. ಕಣ್ಣು ಮತ್ತು ಬೆರಳು ಅಷ್ಟೇ. ಪೋರಿಂಗ್‌ನಲ್ಲೂ ಕಲಿಯಬೇಕಾದ ಮೊದಲ ಪಾಠ ಇದೇ.

ಡಬ್ಬಿಯಲ್ಲಿರುವ ಅಕ್ರಿಲಿಕ್ ದಪ್ಪಗಿರುತ್ತದೆ, ಹಾಗೇ ಸುರಿದರೆ ಹರಿಯುವುದಿಲ್ಲ. ಅದನ್ನು ತೆಳ್ಳಗೆ ಮಾಡಬೇಕು. ಬರೀ ನೀರು ಹಾಕಿದರೆ ಸುಲಭವಾಗಿ ತೆಳ್ಳಗಾಗುತ್ತದೆ. ಆದರೆ ಪುಡಿಯನ್ನು ಹಿಡಿದಿಡುವ ಅಂಟೂ ತೆಳ್ಳಗಾಗಿಬಿಡುತ್ತದೆ. ಪುಡಿ ತಳಕ್ಕೆ ಕೂರುತ್ತದೆ, ಬಣ್ಣಗಳು ಒಂದರೊಳಗೊಂದು ಬೆರೆತು ಕೆಸರಾಗುತ್ತವೆ, ಒಣಗುವಾಗ ಬಿರುಕು ಬಿಡುತ್ತದೆ. ಅದಕ್ಕೇ ಪೋರಿಂಗ್ ಮೀಡಿಯಂ ಅಂತ ಬೇರೆಯೇ ಒಂದು ದ್ರವ ಸೇರಿಸುತ್ತಾರೆ. ಅದರಲ್ಲೂ ಅಂಟು ಇರುತ್ತದೆ. ಬಣ್ಣ ತೆಳ್ಳಗೂ ಆಗುತ್ತದೆ, ಅಂಟೂ ಕಮ್ಮಿಯಾಗುವುದಿಲ್ಲ. ಒಂದು ಪಾಲು ಬಣ್ಣಕ್ಕೆ ಎರಡು ಪಾಲು ಮೀಡಿಯಂ ಹಾಕಿ, ಆಮೇಲೆ ಚಮಚದಲ್ಲಿ ನೀರು ಸೇರಿಸುತ್ತಾ ಹೋಗುವುದು ನನ್ನ ರೂಢಿ. ಬೇರೆ ಬೇರೆ ಬಣ್ಣಕ್ಕೆ ಬೇರೆ ಬೇರೆ ನೀರು ಬೇಕಾಗುತ್ತದೆ. ಅಳತೆ ನಂಬಿ ಕೂತರೆ ಆಗುವುದಿಲ್ಲ.

ಕಲಿಯುವಾಗ ನಾನು ಮರಗೆಲಸಕ್ಕೆ ಬಳಸುವ ಬಿಳಿ ಅಂಟನ್ನೇ ಅರ್ಧ ನೀರು ಹಾಕಿ ಮೀಡಿಯಂ ಥರ ಬಳಸುತ್ತಿದ್ದೆ. ಕಮ್ಮಿ ಖರ್ಚು. ಹೊಸಬರಿಗೆ ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಆ ಅಂಟಿನ ಮೇಲೆ ನೀರು ನಿಂತರೆ ಮೆತ್ತಗಾಗುತ್ತದೆ. ಯಾರಿಗಾದರೂ ಮಾರುವ ಚಿತ್ರಕ್ಕೆ, ಗೋಡೆಯ ಮೇಲೆ ಹತ್ತಾರು ವರ್ಷ ಇರಲಿ ಅನ್ನುವ ಚಿತ್ರಕ್ಕೆ ಅದು ಬೇಡ.

ಹದ ನೋಡುವುದು ಹೇಗೆ? ಕಡ್ಡಿಯಿಂದ ಬಣ್ಣವನ್ನು ಎತ್ತಿ ಲೋಟಕ್ಕೆ ಬಿಡಿ. ಅದು ಕಡಿಯದೆ ದಾರದ ಹಾಗೆ ಇಳಿಯಬೇಕು. ಬಿದ್ದ ಜಾಗದಲ್ಲಿ ಸಣ್ಣ ಗುಡ್ಡೆ ಕಟ್ಟಿ, "ಒಂದು, ಎರಡು" ಅನ್ನುವಷ್ಟರಲ್ಲಿ ಕರಗಿಹೋಗಬೇಕು. ಗುಡ್ಡೆಯೇ ಕಟ್ಟದೆ ನೀರಿನ ಹಾಗೆ ಸೇರಿಕೊಂಡರೆ ನೀರುದೋಸೆ ಹಿಟ್ಟಿನಂತಾಯಿತು, ಜಾಸ್ತಿ ತೆಳು. ಗುಡ್ಡೆ ಹಾಗೇ ಕೂತರೆ ಸೆಟ್ ದೋಸೆ ಹಿಟ್ಟು, ಜಾಸ್ತಿ ಗಟ್ಟಿ. ನನಗೆ ಬೇಕಿರುವುದು ಹರಳೆಣ್ಣೆಯ ಹದ. ಒಂದು ಚಿತ್ರಕ್ಕೆ ನಾಲ್ಕು ಬಣ್ಣ ತೆಗೆದುಕೊಂಡರೆ ನಾಲ್ಕೂ ಇದೇ ಹದಕ್ಕೆ ಬರಬೇಕು. ಒಂದು ತೆಳ್ಳಗೆ, ಒಂದು ಗಟ್ಟಿ ಇದ್ದರೆ ತೆಳು ಬಣ್ಣ ಮೊದಲು ಓಡಿಹೋಗಿ ಅಂಚಿನಿಂದ ನೆಲಕ್ಕೆ ಬಿದ್ದಿರುತ್ತದೆ. ಗಟ್ಟಿ ಬಣ್ಣ ನಡುವೆ ಮುದ್ದೆಯಾಗಿ ನಿಂತಿರುತ್ತದೆ.

ಕಲಸುವಾಗ ಜೋರಾಗಿ ತಿರುಗಿಸಬಾರದು. ಗಾಳಿ ಸೇರಿ ಗುಳ್ಳೆ ಬರುತ್ತದೆ. ನಾನು ಹಿಂದಿನ ರಾತ್ರಿಯೇ ಕಲಸಿ ಮುಚ್ಚಿಡುತ್ತೇನೆ. ಬೆಳಗ್ಗೆ ಹೊತ್ತಿಗೆ ಗುಳ್ಳೆಗಳೆಲ್ಲ ಮೇಲೆ ಬಂದು ಒಡೆದಿರುತ್ತವೆ.

ಎಷ್ಟು ಬಣ್ಣ ಬೇಕು ಅನ್ನುವುದು ಸುಲಭದ ಲೆಕ್ಕ. 30 ಸೆಂಟಿಮೀಟರ್ ಉದ್ದ, 30 ಅಗಲದ ಕ್ಯಾನ್ವಾಸ್ ಅಂದರೆ 900 ಚದರ ಸೆಂಟಿಮೀಟರ್. ಅದರ ಮೇಲೆ 2 ಮಿಲಿಮೀಟರ್ ದಪ್ಪ ಬಣ್ಣ ನಿಲ್ಲಬೇಕಾದರೆ 180 ಮಿಲಿ. ಅಂಚಿನಿಂದ ಸುರಿದುಹೋಗುವುದಕ್ಕೆ ಸ್ವಲ್ಪ ಜಾಸ್ತಿ ಸೇರಿಸಿಕೊಳ್ಳಿ.

ಇನ್ನು ಆ ಎರಡು ಟೈಲ್ಸ್ ವಿಷಯ. ಅಲ್ಲಿ ಕೆಲಸ ಮಾಡಿದ್ದು ಭಾರ. ಬಿಳಿ ಬಣ್ಣದ ಪುಡಿ ಟೈಟೇನಿಯಂ ಡೈಆಕ್ಸೈಡ್. ಅದು ನೀರಿಗಿಂತ ನಾಲ್ಕು ಪಟ್ಟಿಗೂ ಸ್ವಲ್ಪ ಜಾಸ್ತಿ ಭಾರ. ಕಪ್ಪು ಬಣ್ಣದ ಪುಡಿ ಬರೀ ಇಂಗಾಲ, ಒಂದು ಥರದ ಮಸಿ. ಅದು ನೀರಿನ ಎರಡು ಪಟ್ಟೂ ಇಲ್ಲ. ಒಂದೇ ಅಳತೆಯ ಪುಟ್ಟ ಸ್ಟೀಲ್ ಬಟ್ಟಲಿಗೆ ಕಂಠದ ತನಕ ಬಿಳಿ ತುಂಬಿ ತೂಗಿ, ಆಮೇಲೆ ಕಪ್ಪು ತುಂಬಿ ತೂಗಿ ನೋಡಿ. ಅಡುಗೆಮನೆ ತಕ್ಕಡಿಯಲ್ಲೇ ವ್ಯತ್ಯಾಸ ಕಾಣುತ್ತದೆ.

ಭಾರದ್ದು ಮೇಲೆ, ಹಗುರದ್ದು ಕೆಳಗೆ ಇದ್ದರೆ ಅದು ಹೆಚ್ಚು ಹೊತ್ತು ಹಾಗೆ ಇರಲಾರದು. ಗಾಜಿನ ಲೋಟದಲ್ಲಿ ದೀಪ ಹಚ್ಚುವಾಗ ಕೆಳಗೆ ನೀರು, ಮೇಲೆ ಎಣ್ಣೆ ಹಾಕುತ್ತೇವೆ. ಸುಮ್ಮನೆ ನಿಲ್ಲುತ್ತದೆ. ಮೊದಲು ಎಣ್ಣೆ ಹಾಕಿ ಆಮೇಲೆ ನೀರು ಸುರಿದರೆ? ನೀರು ಕೆಳಗಿಳಿಯುತ್ತದೆ, ಎಣ್ಣೆ ಮೇಲೇಳುತ್ತದೆ. ಆದರೆ ಎರಡೂ ಒಟ್ಟಿಗೆ, ಒಂದೇ ಜಾಗದಲ್ಲಿ ದಾಟಿಕೊಳ್ಳಲು ಆಗುವುದಿಲ್ಲ. ಇಲ್ಲೊಂದು ಕಡೆ ಇದು ಇಳಿಯಬೇಕು, ಪಕ್ಕದಲ್ಲಿ ಅದು ಏಳಬೇಕು. ನನ್ನ ಟೈಲ್ಸಿನ ಮೇಲೆ ಬಿಳಿ ಬಲೆಯಾಗಿ ಇಳಿಯುತ್ತಾ, ಕಪ್ಪು ಚುಕ್ಕೆಯಾಗಿ ಏಳುತ್ತಾ ಇದ್ದದ್ದು ಇದಕ್ಕೇ. ಭೌತವಿಜ್ಞಾನದಲ್ಲಿ ಇದನ್ನು ರೇಲಿ–ಟೇಲರ್ ಅಸ್ಥಿರತೆ ಅನ್ನುತ್ತಾರೆ. ಲಾರ್ಡ್ ರೇಲಿ 1883ರಲ್ಲಿ, ಜಿ.ಐ. ಟೇಲರ್ 1950ರಲ್ಲಿ ಇದರ ಗಣಿತ ಬರೆದರು. ಎರಡನೆಯ ಟೈಲ್ಸಿನಲ್ಲಿ ಭಾರದ ಬಿಳಿ ಆಗಲೇ ಕೆಳಗಿತ್ತು. ಅದಕ್ಕೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಈ ಪ್ರಯೋಗ ನನ್ನದಲ್ಲ. ಮೆಕ್ಸಿಕೊದ ಭಿತ್ತಿಚಿತ್ರಕಾರ ಡೇವಿಡ್ ಆಲ್ಫಾರೊ ಸಿಕೇರೋಸ್ 1936ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಕಾರ್ಯಾಗಾರ ನಡೆಸಿದರು. ಕಾರಿಗೆ ಹೊಡೆಯುವಂಥ ಕಾರ್ಖಾನೆ ಬಣ್ಣಗಳನ್ನು ಹಲಗೆಯ ಮೇಲೆ ಒಂದರ ಮೇಲೊಂದು ಸುರಿದು, ತಾವಾಗಿ ಮೂಡುವ ಆಕಾರಗಳನ್ನು ಚಿತ್ರದೊಳಗೆ ಬಳಸಿಕೊಂಡರು. ಅದನ್ನು ಆಕಸ್ಮಿಕ ಚಿತ್ರಣ ಅಂತ ಕರೆದರು. ಆಮೇಲೆ ಬಣ್ಣ ಚೆಲ್ಲಿ ಬರೆದ ಚಿತ್ರಗಳಿಂದ ಹೆಸರಾದ ಜಾಕ್ಸನ್ ಪೊಲಾಕ್ ಆ ಕಾರ್ಯಾಗಾರದಲ್ಲಿದ್ದರು. ಸಿಕೇರೋಸ್ ಕಣ್ಣಳತೆಯಲ್ಲಿ ಮಾಡಿದ್ದನ್ನು ಮೆಕ್ಸಿಕೊದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗಾಲಯದಲ್ಲಿ ಮತ್ತೆ ಮಾಡಿ ನೋಡಿ 2015ರಲ್ಲಿ ಪ್ರಕಟಿಸಿದರು. ಕಪ್ಪಿನ ಮೇಲೆ ಬಿಳಿ ಸುರಿದಾಗ ಚಿತ್ತಾರ ಬಂತು. ಬಿಳಿಯ ಮೇಲೆ ಕಪ್ಪು ಸುರಿದಾಗ ಬರಲಿಲ್ಲ. ಅದನ್ನು ಓದಿದ ದಿನವೇ ನಾನು ಟೈಲ್ಸ್ ಹುಡುಕಿದ್ದು. ಆಕಸ್ಮಿಕ ಅನ್ನುವ ಹೆಸರಿನ ಒಳಗೆ ಇಷ್ಟು ಗಟ್ಟಿ ನಿಯಮ ಇದೆಯಲ್ಲ ಅಂತ ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಈ ನಿಯಮ ಗೊತ್ತಾದರೆ ಅದನ್ನು ಎರಡೂ ಕಡೆಗೆ ಬಳಸಬಹುದು. ಚುಕ್ಕೆ ಬೇಕಾದ ಕಡೆ ಬಿಳಿಯನ್ನು ಮೇಲೆ ಹಾಕಿ. ಬಣ್ಣ ನಿಂತಲ್ಲೇ ನಿಲ್ಲಬೇಕಾದ ಕಡೆ ಬಿಳಿಯನ್ನು ಕೆಳಗೆ ಹಾಸಿ. ಥ್ಯಾಲೊ ನೀಲಿ ಹಗುರ. ಕಾವಿ ಕೆಂಪು, ಅಂದರೆ ಕಬ್ಬಿಣದ ಆಕ್ಸೈಡ್, ಬಿಳಿಗಿಂತಲೂ ಭಾರ. ಕಾವಿಯ ಮೇಲೆ ನೀಲಿ ಹಾಕಿದರೆ ಕದಲುವುದು ಕಮ್ಮಿ, ನೀಲಿಯ ಮೇಲೆ ಕಾವಿ ಹಾಕಿದರೆ ಕೆಳಗಿನ ನೀಲಿ ಏಳುತ್ತದೆ.

ಭಾರದ ಜೊತೆ ಇನ್ನೊಂದು ಶಕ್ತಿ ಕೆಲಸ ಮಾಡುತ್ತದೆ. ಒಂದು ತಟ್ಟೆಯಲ್ಲಿ ನೀರು ಹಾಕಿ. ಮೇಲೆ ಒಂದು ಚಿಟಿಕೆ ಅರಿಶಿನ ಉದುರಿಸಿ. ಬೆರಳ ತುದಿಗೆ ಪಾತ್ರೆ ತೊಳೆಯುವ ಸೋಪು ಹಚ್ಚಿಕೊಂಡು ನಡುವೆ ಮುಟ್ಟಿ. ಅರಿಶಿನ ಹೆದರಿದ ಹಾಗೆ ಅಂಚಿಗೆ ಓಡುತ್ತದೆ. ನೀರಿನ ಮೇಲ್ಮೈ ಬಿಗಿಯಾಗಿ ಎಳೆದು ಕಟ್ಟಿದ ಬಟ್ಟೆಯ ಹಾಗೆ. ಸೋಪು ಮುಟ್ಟಿದ ಕಡೆ ಆ ಬಿಗಿ ಸಡಿಲವಾಗುತ್ತದೆ. ಸುತ್ತಲಿನ ಬಿಗಿ ಮೇಲ್ಮೈ ಸಡಿಲವಾದ ಜಾಗದಿಂದ ಎಲ್ಲವನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಇಟಲಿಯ ಕಾರ್ಲೊ ಮರಾಂಗೋನಿ 1865ರಲ್ಲಿ ಇದರ ಬಗ್ಗೆ ಬರೆದರು, ಅವರ ಹೆಸರೇ ಇದಕ್ಕೆ ಉಳಿದಿದೆ.

ಪೋರಿಂಗ್ ಮಾಡುವವರು ಬಣ್ಣಕ್ಕೆ ಎರಡು ಮೂರು ಹನಿ ಸಿಲಿಕೋನ್ ಎಣ್ಣೆ ಹಾಕುವುದು ಇದೇ ಕಾರಣಕ್ಕೆ. ನೀರಿನ ಮೇಲ್ಮೈ ಬಿಗಿಯನ್ನು 72 ಅಂತ ಅಳೆದರೆ ಸಿಲಿಕೋನ್ ಎಣ್ಣೆಯದು 20ರ ಆಸುಪಾಸು. ನೀರಿಗಿಂತ ಸ್ವಲ್ಪ ಹಗುರವೂ ಹೌದು. ಹಾಗಾಗಿ ಹನಿ ಮೆಲ್ಲಗೆ ಮೇಲೆ ಬಂದು, ಮೇಲ್ಮೈ ಮುಟ್ಟಿದ ತಕ್ಷಣ ಹರಡಿಕೊಳ್ಳುತ್ತದೆ. ಹರಡುವಾಗ ಮೇಲಿನ ಬಣ್ಣವನ್ನು ಪಕ್ಕಕ್ಕೆ ಸರಿಸಿ ಕೆಳಗಿನ ಬಣ್ಣಕ್ಕೆ ಕಿಟಕಿ ತೆಗೆದುಕೊಡುತ್ತದೆ. ಈ ಕಿಟಕಿಗಳಿಗೇ ಸೆಲ್ಸ್ ಅನ್ನುತ್ತಾರೆ. ಒಂದು ಸೆಲ್ ಹುಟ್ಟುವುದನ್ನು ಹತ್ತಿರದಿಂದ ನೋಡಿದರೆ ಮೊದಲು ಏನೂ ಇರುವುದಿಲ್ಲ. ಆಮೇಲೆ ಹೊಳೆಯುವ ಒಂದು ಬೊಟ್ಟು. ಬೊಟ್ಟಿನ ಸುತ್ತ ಕೂದಲೆಳೆಯಷ್ಟು ಗಾಢವಾದ ಗೆರೆ. ಗೆರೆ ಹಿಗ್ಗುತ್ತಾ ಹೋಗಿ ಪಕ್ಕದ ಸೆಲ್‌ಗೆ ತಾಗಿದ ಕಡೆ ನೇರವಾಗುತ್ತದೆ. ದುಂಡಗಿದ್ದದ್ದು ಜೇನುಗೂಡಿನ ಕೋಣೆಯ ಹಾಗೆ ಮೂಲೆ ಪಡೆಯುತ್ತದೆ. ಬಿಸಿ ಸಾರಿನ ಮೇಲೆ ಒಗ್ಗರಣೆ ಎಣ್ಣೆ ಬೊಟ್ಟು ಬೊಟ್ಟಾಗಿ ನಿಲ್ಲುತ್ತದಲ್ಲ, ಒಂದಿಷ್ಟು ಹಾಗೇ. ಕೆಲವರು ಸಿಲಿಕೋನ್ ಎಣ್ಣೆಯ ಬದಲು ತಲೆಗೆ ಹಚ್ಚುವ ಸೀರಮ್ ಹಾಕುತ್ತಾರೆ. ಅದರಲ್ಲಿ ಡೈಮೆಥಿಕೋನ್ ಇದ್ದರೆ ಕೆಲಸ ಆಗುತ್ತದೆ, ಯಾಕೆಂದರೆ ಅದೂ ಸಿಲಿಕೋನೇ. ಕೊಬ್ಬರಿ ಎಣ್ಣೆ ಹಾಕಬೇಡಿ. ಅದು ಒಣಗುವುದಿಲ್ಲ, ಚಳಿಗಾಲದ ಬೆಳಗ್ಗೆ ಚಿತ್ರದ ಮೇಲೆ ಹೆಪ್ಪುಗಟ್ಟಿ ಕೂತಿರುತ್ತದೆ.

ಸೆಲ್ಸ್ ನೋಡಿದರೆ ಯಾರಿಗೂ ಆಸೆಯಾಗುತ್ತದೆ. ಎಣ್ಣೆ ಜಾಸ್ತಿ ಹಾಕುತ್ತಾ ಹೋಗುತ್ತೇವೆ. ಕೊನೆಗೆ ಚಿತ್ರದ ತುಂಬ ಒಂದೇ ಗಾತ್ರದ ತೂತುಗಳು. ಕಣ್ಣಿಗೆ ನಿಲ್ಲಲು ಜಾಗವೇ ಇಲ್ಲ. ನನ್ನ ಮಟ್ಟಿಗೆ ಒಳ್ಳೆಯ ಪೋರಿಂಗ್ ಚಿತ್ರದಲ್ಲಿ ಏನೂ ನಡೆಯದ ಒಂದು ಭಾಗ ಇರಬೇಕು. ಈಗ ನಾನು ಒಂದೇ ಒಂದು ಬಣ್ಣಕ್ಕೆ ಎಣ್ಣೆ ಹಾಕುತ್ತೇನೆ. ಎಷ್ಟೋ ಸಲ ಹಾಕುವುದೇ ಇಲ್ಲ. ಭಾರದ ಆಟವೇ ಸಾಕು.

ಸುರಿಯುವ ವಿಧಾನಗಳಿಗೆ ನೂರೆಂಟು ಹೆಸರಿವೆ. ಎಲ್ಲ ಬಣ್ಣವನ್ನೂ ಒಂದೇ ಲೋಟಕ್ಕೆ ಪದರ ಪದರವಾಗಿ ಹಾಕಿದರೆ ಡರ್ಟಿ ಪೋರ್. ಆ ಲೋಟವನ್ನು ಕ್ಯಾನ್ವಾಸಿನ ಮೇಲೆ ಬೋರಲು ಹಾಕಿ ಎತ್ತಿದರೆ ಫ್ಲಿಪ್ ಕಪ್. ಒದ್ದೆ ಕಾಗದದಿಂದಲೋ ತೆಳು ಪ್ಲಾಸ್ಟಿಕ್ ಹಾಳೆಯಿಂದಲೋ ಮೇಲಿನ ಬಣ್ಣವನ್ನು ಒಮ್ಮೆ ಸವರಿ ಎಳೆದರೆ ಸ್ವೈಪ್. ಹೇರ್ ಡ್ರೈಯರ್ ಗಾಳಿಯಿಂದ ಊದಿದರೆ ಡಚ್ ಪೋರ್. ತೂತಿನ ಬಟ್ಟಲಿನ ಮೂಲಕ ಸುರಿದರೆ ಹೂವಿನ ಎಸಳು ಬರುತ್ತವೆ. ಬಣ್ಣದಲ್ಲಿ ಅದ್ದಿದ ನೂಲನ್ನು ಮೆಲ್ಲಗೆ ಎಳೆದರೆ ಗರಿ ಬರುತ್ತದೆ. ಹೆಸರು ಯಾವುದಾದರೂ ಒಳಗೆ ನಡೆಯುವುದು ಮೂರೇ. ಗಟ್ಟಿತನ, ಭಾರ, ಮೇಲ್ಮೈ ಬಿಗಿ.

ಬಣ್ಣ ಆರಿಸುವುದು ಬೇರೆಯೇ ಕಷ್ಟ. ಕುಂಚದಲ್ಲಿ ಕೆಂಪನ್ನೂ ಹಸಿರನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಿರಬಹುದು. ಇಲ್ಲಿ ಅವು ಒಂದಕ್ಕೊಂದು ಹರಿದು ಸೇರಿದ ಕಡೆ ಕಂದು ಕೆಸರು ಹುಟ್ಟುತ್ತದೆ. ಮಂಡ್ಯದ ಕಬ್ಬಿನ ಗದ್ದೆಯ ಹಸಿರು, ಅದರ ಮೇಲಿನ ಸಂಜೆಯ ಕಿತ್ತಳೆ ಎರಡೂ ಒಂದೇ ಲೋಟದಲ್ಲಿ ಬೇಕು ಅಂತ ಎಷ್ಟೋ ಸಲ ಒದ್ದಾಡಿದ್ದೇನೆ. ನಡುವೆ ಬಿಳಿಯ ಪದರ ಹಾಕಿದ ಮೇಲೆ ಸ್ವಲ್ಪ ಉಸಿರಾಡಲು ಆಯಿತು. ಮೂರು ಬಣ್ಣ ಮತ್ತು ಒಂದು ಬಿಳಿ, ಅದಕ್ಕಿಂತ ಜಾಸ್ತಿ ಬೇಡ ಅನ್ನುವುದು ಈಗ ನನ್ನ ಲೆಕ್ಕ.

ಸುರಿದು ಓರೆ ಮಾಡುವಾಗ ಕೈಗೆ ಒಂದೆರಡು ನಿಮಿಷ ಸಿಗುತ್ತದೆ. ಮೊದಲು ಒಂದು ಮೂಲೆಯ ಕಡೆ ನಿಧಾನವಾಗಿ ಬಗ್ಗಿಸಬೇಕು. ಬಣ್ಣ ಅಂಚು ಮುಟ್ಟುವ ಮೊದಲೇ ಹಿಂದಕ್ಕೆ ತರಬೇಕು, ಇಲ್ಲದಿದ್ದರೆ ಚೆನ್ನಾಗಿ ಮೂಡಿದ ಭಾಗವೇ ಹೊರಗೆ ಸುರಿದುಹೋಗುತ್ತದೆ. ಓರೆ ಮಾಡಿದಷ್ಟೂ ಸೆಲ್ಸ್ ಎಳೆದುಕೊಂಡು ಉದ್ದವಾಗುತ್ತವೆ. ದುಂಡಗಿನ ಸೆಲ್ ಬಾದಾಮಿಯಾಗಿ, ಬಾದಾಮಿ ಗೆರೆಯಾಗಿ, ಗೆರೆ ಮಾಯವಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಲೋಟದಲ್ಲಿ ಇರುವುದಿಲ್ಲ. ಅದು ಕಣ್ಣಿನ ಕೆಲಸ. "ನಿಮ್ಮ ಕೆಲಸ ಏನು" ಅಂತ ಕೇಳಿದವರನ್ನು ಈ ಎರಡು ನಿಮಿಷ ನನ್ನ ಪಕ್ಕ ನಿಲ್ಲಿಸಿಕೊಳ್ಳಬೇಕು ಅಂತ ನನಗೆ ಆಸೆ.

ಆಮೇಲೆ ಒಣಗಿಸುವುದು. ಇಲ್ಲಿ ನಾನು ಕಳೆದುಕೊಂಡಷ್ಟು ಚಿತ್ರ ಇನ್ನೆಲ್ಲೂ ಕಳೆದುಕೊಂಡಿಲ್ಲ. ಒಮ್ಮೆ ತಾರಸಿಯ ಮೇಲೆ, ನೆರಳಿನಲ್ಲಿ ಒಂದು ಚಿತ್ರ ಇಟ್ಟು ಬಂದೆ. ಬೆಳಗ್ಗೆ ನೋಡಿದರೆ ಎಲ್ಲ ಬಣ್ಣವೂ ಒಂದೇ ಮೂಲೆಗೆ ಜಾರಿತ್ತು. ತಾರಸಿಗೆ ಮಳೆನೀರು ಹರಿದುಹೋಗಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ಕಾಲಿಗೆ ಗೊತ್ತಾಗುವುದಿಲ್ಲ, ಬಣ್ಣಕ್ಕೆ ಗೊತ್ತಾಗುತ್ತದೆ. ಅವತ್ತಿನಿಂದ ಗಾರೆಯವರು ಬಳಸುವ ರಸಮಟ್ಟ ಒಂದು ಮನೆಯಲ್ಲೇ ಇದೆ. ಎರಡು ದಿಕ್ಕಿಗೂ ಇಟ್ಟು ನೋಡಿ, ನಾಲ್ಕು ಲೋಟಗಳ ಮೇಲೆ ಕ್ಯಾನ್ವಾಸ್ ಕೂರಿಸಿ, ಕೆಳಗೆ ಕಾಗದದ ಚೂರು ಸಿಕ್ಕಿಸಿ ಮಟ್ಟ ಮಾಡುತ್ತೇನೆ.

ಇನ್ನೊಂದು ಸಲ, ಏಪ್ರಿಲ್ ತಿಂಗಳು. ಬೇಗ ಒಣಗಲಿ ಅಂತ ಫ್ಯಾನ್ ಹಾಕಿದೆ. ಮೇಲೆ ಕೆನೆ ಕಟ್ಟಿತು, ಒಳಗೆ ಇನ್ನೂ ಹಸಿ. ಒಳಗಿನ ನೀರು ಆರಿ ಬಣ್ಣ ಕುಗ್ಗುತ್ತಾ ಹೋದ ಹಾಗೆ ಮೇಲಿನ ಕೆನೆಯನ್ನು ಎಳೆಯಿತು. ಕೆನೆ ಹರಿಯಿತು. ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳ ಹೇಗೆ ಬಿರಿಯುತ್ತದೋ ಹಾಗೆ, ಚಿತ್ರದ ನಡುವೆ ಕಣಿವೆಗಳು. ಕೆರೆಯಲ್ಲೂ ನಡೆಯುವುದು ಇದೇ ಎಳೆದಾಟ. ಪರಿಹಾರ ಸುಲಭ. ಗಾಳಿ ಬೇಡ, ಬಿಸಿಲು ಬೇಡ, ಆತುರ ಬೇಡ. ಚಿತ್ರಕ್ಕಿಂತ ದೊಡ್ಡದಾದ ರಟ್ಟಿನ ಪೆಟ್ಟಿಗೆ ಬೋರಲು ಮುಚ್ಚಿ, ಒಂದು ಅಂಚಿಗೆ ಪೆನ್ಸಿಲ್ ಕೊಟ್ಟು ಸ್ವಲ್ಪ ಸಂದು ಬಿಡಿ. ಒಳಗಿನ ತೇವದಲ್ಲಿ ಮೇಲ್ಮೈ ನಿಧಾನವಾಗಿ ಆರುತ್ತದೆ. ಧೂಳು, ಸೊಳ್ಳೆ, ಇರುವೆ ಕೂಡ ಬೀಳುವುದಿಲ್ಲ. ಮುಟ್ಟುವ ಹಾಗೆ ಆಗಲು ಒಂದರಿಂದ ಮೂರು ದಿನ. ಜುಲೈನ ಜಿಟಿಜಿಟಿ ಮಳೆಯಲ್ಲಿ ಇನ್ನೂ ಜಾಸ್ತಿ. ಒಳಗಿನ ತನಕ ಗಟ್ಟಿಯಾಗಲು ವಾರಗಳು ಬೇಕು. ವಾರ್ನಿಷ್ ಆಮೇಲೆ. ಎಣ್ಣೆ ಹಾಕಿದ ಚಿತ್ರವಾದರೆ ಅದಕ್ಕೂ ಮೊದಲು ಪಾತ್ರೆ ಸೋಪಿನ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಒರೆಸಬೇಕು. ಎಣ್ಣೆ ಉಳಿದರೆ ವಾರ್ನಿಷ್ ಆ ಜಾಗ ಬಿಟ್ಟು ದೂರ ಸರಿಯುತ್ತದೆ, ಮೀನಿನ ಕಣ್ಣಿನಂಥ ಗುಂಡಿಗಳು ಬೀಳುತ್ತವೆ. ಕುಂಚದಲ್ಲಿ ಮೇಲೆ ಬರೆಯಲು ಹೋದರೂ ಅದೇ ಕಥೆ.

ನನಗೆ ಈಗ ಜಾಸ್ತಿ ಖುಷಿ ಕೊಡುತ್ತಿರುವುದು ಹಾಗೆ ಮೇಲೆ ಬರೆಯುವುದೇ. ಸುರಿದು ಒಣಗಿಸಿದ್ದನ್ನು ಮುಗಿದ ಚಿತ್ರ ಅಂತ ಬಿಡದೆ, ಅದರೊಳಗೆ ಏನು ಕಾಣುತ್ತದೆ ಅಂತ ಹುಡುಕುವುದು. ಮಳೆಗಾಲದಲ್ಲಿ ಶ್ರೀರಂಗಪಟ್ಟಣದ ಸೇತುವೆ ಮೇಲೆ ನಿಂತು ಕಾವೇರಿ ನೋಡಿದ್ದೀರಾ? ಕೆಂಪು ಕಂದು ನೀರು, ಕಲ್ಲಿಗೆ ಬಡಿದು ಸುತ್ತುವ ಸುಳಿ, ಅದರ ಮೇಲೆ ಜಾಲರಿಯ ಹಾಗೆ ಹರಿದುಹೋಗುವ ಬಿಳಿ ನೊರೆ. ಅದನ್ನು ಕುಂಚದಲ್ಲಿ ಬರೆಯಲು ಹೋಗಿ ಎಷ್ಟೋ ಹಾಳೆ ಹರಿದುಹಾಕಿದ್ದೆ. ಕಾವಿಯ ಮೇಲೆ ಬಿಳಿ ಸುರಿದ ಒಂದು ಚಿತ್ರದಲ್ಲಿ ಆ ನೊರೆ ತಾನಾಗಿ ಬಂತು. ಎಣ್ಣೆ ಇಲ್ಲದೆ ಬಿಳಿಯನ್ನು ತೆಳು ಧಾರೆಯಾಗಿ ಬಿಟ್ಟು, ಒಂದೇ ದಿಕ್ಕಿಗೆ ಓರೆ ಮಾಡಿದ್ದೆ. ಅದಕ್ಕೆ ಕುಂಚದಲ್ಲಿ ದಡದ ಕಲ್ಲು, ಒಂದು ಹರಿಗೋಲು ಬರೆದೆ ಅಷ್ಟೇ.

ಇದನ್ನು ನಮ್ಮ ನಾಡಿನಲ್ಲೇ ನಾನೂರು ವರ್ಷದ ಹಿಂದೆ ಮಾಡಿದವರು ಇದ್ದಾರೆ ಅಂತ ತಿಳಿದಾಗ ಹೆಮ್ಮೆ ಆಯಿತು. 17ನೇ ಶತಮಾನದ ಬಿಜಾಪುರದಲ್ಲಿ, ಆದಿಲ್‌ಶಾಹಿಗಳ ಕಾಲದಲ್ಲಿ, ಮಾರ್ಬ್ಲಿಂಗ್ ಚಿತ್ರಗಳು ತಯಾರಾದವು. ಅಂಟಿನಿಂದ ದಪ್ಪಗೆ ಮಾಡಿದ ನೀರಿನ ಮೇಲೆ ಬಣ್ಣ ತೇಲಿಸಿ, ಕಡ್ಡಿಯಿಂದ ಎಳೆದು, ಮೇಲೆ ಕಾಗದ ಹಾಸಿ ಎತ್ತುವ ವಿಧಾನ ಅದು. ಬಿಜಾಪುರದವರು ಅಲ್ಲಿಗೆ ನಿಲ್ಲಿಸಲಿಲ್ಲ. ಬೇಡದ ಭಾಗಕ್ಕೆ ಬಣ್ಣ ಹತ್ತದ ಹಾಗೆ ಮುಚ್ಚಿ, ಆ ಅಲೆಅಲೆಯ ಬಣ್ಣವನ್ನು ಕುದುರೆಯ ಮೈಯೊಳಗೆ ಮಾತ್ರ ಬರುವಂತೆ ಮಾಡಿದರು. ಎಲುಬು ಕಾಣುವ ಒಂದು ಬಡಕಲು ಕುದುರೆ, ಅದರ ಮೇಲೆ ಸವಾರ. ಅಂಥ ಒಂದು ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಹರಿಯುವ ಬಣ್ಣವೇ ಕುದುರೆಯ ಚರ್ಮದ ಸುಕ್ಕಾಗಿದೆ. ಬಣ್ಣ ತಾನಾಗಿ ಮಾಡಿದ್ದು ಯಾವುದು, ಕಲಾವಿದ ಮಾಡಿದ್ದು ಯಾವುದು ಅಂತ ಬೇರೆ ಮಾಡಲು ಬರುವುದಿಲ್ಲ.

ಉಳಿದ ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ನೀರಿನಲ್ಲಿ ಕಲಸಿದ್ದು ತಾನೆ ಅಂತ ಸಿಂಕಿಗೆ ಸುರಿಯಬೇಡಿ. ಮೇಲೆ ಹೇಳಿದ ಹಾಗೆ ಅದು ಪ್ಲಾಸ್ಟಿಕ್. ನೀರು ಆರಿದ ಕಡೆ ಪೈಪಿನೊಳಗೆ ಹಾಳೆಯಾಗಿ ಕೂರುತ್ತದೆ, ಉಳಿದದ್ದು ಚರಂಡಿ ಹಿಡಿದು ನದಿಯ ಕಡೆಗೆ ಹೋಗುತ್ತದೆ. ಆ ನದಿಯ ನೀರನ್ನೇ ನಾವು ಕುಡಿಯುವುದು. ಕೆಳಗೆ ಸೋರಿದ ಬಣ್ಣವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಒಣಗಲು ಬಿಟ್ಟರೆ ಮಾರನೆಯ ದಿನ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಕತ್ತರಿಸಿ ಓಲೆ, ಬುಕ್‌ಮಾರ್ಕ್ ಮಾಡಬಹುದು. ಮಕ್ಕಳಿಗೆ ಚಿತ್ರಕ್ಕಿಂತ ಆ ಸಿಪ್ಪೆಯೇ ಇಷ್ಟ.

ಮೂರನೆಯ ಟೈಲ್ಸ್ ಒಂದನ್ನು ಹೋದ ವಾರ ಮಾಡಿದೆ. ಮಂಡ್ಯದ ಹತ್ತಿರ ಒಂದು ಹೊಲದ ಬದುವಿನಿಂದ ಒಂದು ಹಿಡಿ ಕೆಮ್ಮಣ್ಣು ತಂದಿದ್ದೆ. ನೀರಿನಲ್ಲಿ ಕದಡಿ, ಕಲ್ಲು ಮರಳು ತಳಕ್ಕೆ ಕೂರಲು ಬಿಟ್ಟು, ಮೇಲಿನ ಕೆಂಪು ನೀರನ್ನು ಹಳೆಯ ಕಾಟನ್ ಸೀರೆಯಲ್ಲಿ ಸೋಸಿ ಒಣಗಿಸಿದೆ. ಉಳಿದದ್ದು ಒಂದು ಚಮಚ ಪುಡಿ, ಮುಟ್ಟಿದರೆ ಕುಂಕುಮದಷ್ಟು ನುಣುಪು. ಅದನ್ನು ಮೀಡಿಯಂನಲ್ಲಿ ಅರೆದು ಹರಳೆಣ್ಣೆಯ ಹದಕ್ಕೆ ತಂದೆ. ಟೈಲ್ಸಿಗೆ ಮೊದಲು ಕಪ್ಪು ಸುರಿದು, ಅದರ ಮೇಲೆ ಕೆಮ್ಮಣ್ಣು ಬಿಟ್ಟೆ. ಭಾರದ ಕೆಂಪು ಮೇಲೆ, ಹಗುರ ಕಪ್ಪು ಕೆಳಗೆ. ಚುಕ್ಕೆ ಬಂದವು. ಆದರೆ ಬಿಳಿಯಲ್ಲಿ ಬಂದಷ್ಟು ಸಣ್ಣವಲ್ಲ. ಕಮ್ಮಿ, ದೊಡ್ಡವು, ಅಂಚು ಒಡೆದವು. ಮಣ್ಣಿನ ಕಣ ದಪ್ಪ ಇದ್ದದ್ದಕ್ಕೋ, ನನ್ನ ಹದ ಒಂದು ಎಳೆ ಗಟ್ಟಿಯಾದದ್ದಕ್ಕೋ, ಇನ್ನೆರಡು ಸಲ ಸೋಸಿ ನೋಡಬೇಕು. ಪುಡಿ ಇನ್ನೂ ಅರ್ಧ ಚಮಚ ಉಳಿದಿದೆ. ಬಚ್ಚಲುಮನೆಯ ಟೈಲ್ಸ್ ಇನ್ನೂ ನಾಲ್ಕಿವೆ.